ನೋಟವೂ ಬೇಕು, ಮಳೆಯನ್ನೂ ತಡೀಬೇಕು: ಹೊಸನಗರದ ಇಳಿಜಾರಿನಲ್ಲಿ ಮನೆ ಕಟ್ಟಿದ ಅನುಭವ

ಕಳೆದ ತಿಂಗಳು ನಮ್ಮ ಹೊಸ ಮನೆಯ ಗೃಹಪ್ರವೇಶ ಆಯಿತು. ಹೊಸನಗರ ತಾಲ್ಲೂಕಿನಲ್ಲಿ, ಅಡಿಕೆ ತೋಟದ ಮೇಲಿನ ಇಳಿಜಾರಿನಲ್ಲಿ ಕಟ್ಟಿದ ಮನೆ. ಬಂದ ನೆಂಟರಲ್ಲಿ ಸುಮಾರು ಜನರಿಗೆ ತಾವೂ ಮನೆ ಕಟ್ಟುವ ಯೋಚನೆ ಇತ್ತು. ಆರ್ಕಿಟೆಕ್ಟ್ ಬೇಕೇ ಬೇಕಾ, ಎಂಜಿನಿಯರ್ ಒಬ್ಬರೇ ಸಾಕಾಗಲ್ವಾ, ಕಾಗದಪತ್ರಕ್ಕೆ ಎಷ್ಟು ಓಡಾಡಬೇಕು, ಖರ್ಚು ಎಲ್ಲಿ ಕೈಮೀರುತ್ತದೆ ಅಂತೆಲ್ಲ ಕೇಳಿದರು. ಬಡಿಸುವ ಗಡಿಬಿಡಿಯಲ್ಲಿ ಯಾರಿಗೂ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಟ್ಟುವವರಿಗೆ ಹೆಚ್ಚು ಉಪಯೋಗ ಆಗಬಹುದು.

ಹಿಸ್ಸೆಯಾದಾಗ ಹಳೇ ಮನೆ ಭಾವನವರ ಪಾಲಿಗೆ ಹೋಯಿತು. ನಮಗೆ ತೋಟ ಮತ್ತು ಅದರ ಮೇಲಿನ ಜಾಗ ಬಂತು. ಅಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಕೆಳಗೆ ಹಳ್ಳ, ಆಚೆಗೆ ಕಾಡು, ಅದರಾಚೆ ಘಟ್ಟದ ಸಾಲು. ಇಂಥ ಜಾಗ ಸಿಕ್ಕಮೇಲೆ ಸುಮ್ನೆ ನಾಲ್ಕು ಗೋಡೆ ಎಬ್ಬಿಸಿ ಮುಗಿಸುವ ಮನಸ್ಸು ನನಗೂ ಇವರಿಗೂ ಇರಲಿಲ್ಲ. ಪರಿಚಯದವರ ಮೂಲಕ ಬೆಂಗಳೂರಿನ ಒಬ್ಬ ಆರ್ಕಿಟೆಕ್ಟ್ ಸಿಕ್ಕರು. ಚಿಕ್ಕ ವಯಸ್ಸಿನ ಹುಡುಗಿ, ಕೆಲಸದ ಮೇಲೆ ಬಹಳ ಪ್ರೀತಿ. ಬೇಸಿಗೆಯಲ್ಲಿ ಬಂದು ಜಾಗ ನೋಡಿದರು. ಮೊದಲ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೋರಿಸಿದಾಗ ನನಗೆ ಕಣ್ಣು ತುಂಬಿ ಬಂತು. ಅಷ್ಟು ಚಂದ ಇತ್ತು.

ನಕ್ಷೆಯಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಉದ್ದಕ್ಕೆ ಸಪಾಟಾದ ಆರ್‌ಸಿಸಿ ಛಾವಣಿ. ಪಶ್ಚಿಮಕ್ಕೆ ನೆಲದಿಂದ ಸೂರಿನವರೆಗೆ ಗಾಜು. ಕಣಿವೆಯ ಮೇಲೆ 10 ಅಡಿ ಚಾಚಿದ ಬಾಲ್ಕನಿ, ಕೆಳಗೆ ಒಂದೂ ಕಂಬವಿಲ್ಲ. ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ. ಹೊರಗೋಡೆಗೆ ಗಾರೆಯಿಲ್ಲದ ಜಂಬಿಟ್ಟಿಗೆ.

ಮಾವ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು. "ಗಾಳಿಮಳೆ ಯಾವ ಕಡೆಯಿಂದ ಹೊಡೀತದೆ ಅಂತ ಆ ಹುಡುಗಿಗೆ ಹೇಳಿದೀರಾ?"

ನಮ್ಮಲ್ಲಿ ಮಳೆ ಬರುವುದು ಪಶ್ಚಿಮದಿಂದ, ನೈರುತ್ಯದಿಂದ. ನೋಟ ಇರುವುದೂ ಅದೇ ಕಡೆ. ಘಟ್ಟದ ಅಂಚಿನ ಊರುಗಳೆಲ್ಲ ಹೀಗೇ. ಪಕ್ಕದ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ. ನಮ್ಮ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆ ಕಡೆಯೂ ಕಡಿಮೆಯೇನಲ್ಲ. ಪುನರ್ವಸು, ಪುಷ್ಯ ಮಳೆಯಲ್ಲಿ ಎರಚಲು ಅಡ್ಡಕ್ಕೆ ಬರುತ್ತದೆ. ಹಳೇ ಮನೆಯಲ್ಲಿ ಪಶ್ಚಿಮದ ಜಗಲಿಗೆ ಮಳೆಗಾಲ ಪೂರ್ತಿ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆ ಗಾಜಿನ ಗೋಡೆಗೆ ತಟ್ಟಿ ಎಲ್ಲಿ ಕಟ್ಟುವುದು?

ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಕಾಗದಪತ್ರದ ಓಡಾಟ ಶುರುವಾಗಿತ್ತು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಾಲ ಮಾಡದೆ, ಸ್ವಂತ ಕೃಷಿ ಜಮೀನಿನಲ್ಲಿ ಚಿಕ್ಕ ತೋಟದ ಮನೆ ಕಟ್ಟುವವರ ದಾರಿ ಬೇರೆ. ನಮಗೆ ಬ್ಯಾಂಕ್ ಸಾಲ ಬೇಕಿತ್ತು. ಬ್ಯಾಂಕಿನವರು ಭೂಪರಿವರ್ತನೆ (ಕೃಷಿ ಜಮೀನನ್ನು ಮನೆ ಕಟ್ಟುವ ಜಾಗವಾಗಿ ಬದಲಿಸುವುದು) ಆಗಿರಬೇಕು, ಪಂಚಾಯಿತಿಯಿಂದ ಇ-ಸ್ವತ್ತಿನ, ಅಂದರೆ ಆನ್‌ಲೈನ್ ಆಸ್ತಿ ದಾಖಲೆಯ, ನಮೂನೆ 9 ಮತ್ತು 11ಎ ಬರಬೇಕು ಅಂದರು. ಸರ್ವೆ ನಂಬರಿನ ಒಂದು ತುಂಡು ಮಾತ್ರ ಪರಿವರ್ತನೆ ಮಾಡಿಸುತ್ತಿದ್ದುದರಿಂದ ಆ ತುಂಡನ್ನು ಅಳೆದು ಬೇರೆಯಾಗಿ ತೋರಿಸುವ 11ಇ ನಕ್ಷೆ ಮಾಡಿಸಬೇಕಾಯಿತು. ಸರ್ವೆಯವರು ಅಳತೆಗೆ ಬರುವುದನ್ನು ಕಾಯುವುದರಲ್ಲೇ ಒಂದು ಬೇಸಿಗೆ ಕಳೆಯಿತು. ಅದರ ಜೊತೆ ಪಹಣಿ, ಮ್ಯುಟೇಷನ್, ಹಿಸ್ಸೆ ಪತ್ರ, ಋಣಭಾರ ಪತ್ರ, ಬ್ಯಾಂಕಿನ ವಕೀಲರ ಅಭಿಪ್ರಾಯ. ಪಹಣಿಯಲ್ಲಿ ಮಾವನ ಹೆಸರಿನ ಇನಿಷಿಯಲ್ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇತ್ತು. ಅದಕ್ಕೆ ಪ್ರಮಾಣಪತ್ರ ಮಾಡಿಸಿದೆವು. ನಿಮ್ಮದೂ ಒಮ್ಮೆ ನೋಡಿಕೊಳ್ಳಿ, ಮೊದಲೇ ನೋಡಿದರೆ ತುಂಬಾ ಸಮಯ ಉಳಿಯುತ್ತದೆ.

ಇಲ್ಲಿ ಒಂದು ಮುಖ್ಯ ಮಾತು. ಕಟ್ಟಡ ಪರವಾನಗಿಗೆ ಪಂಚಾಯಿತಿಗೆ ಕೊಡುವ ನಕ್ಷೆ, ಬ್ಯಾಂಕಿಗೆ ಕೊಡುವ ನಕ್ಷೆ, ಆಮೇಲೆ ಕಟ್ಟುವ ಮನೆ ಮೂರೂ ಒಂದೇ ಆಗಿರಬೇಕು. ಎಂಜಿನಿಯರ್ ನೋಡಿ ಒಪ್ಪುವ ಮೊದಲು ನಕ್ಷೆ ಕೊಟ್ಟುಬಿಟ್ಟರೆ ಬದಲಾದಾಗೆಲ್ಲ ಮತ್ತೆ ಅರ್ಜಿ, ಮತ್ತೆ ಕಾಯುವುದು. ನಮ್ಮ ಆರ್ಕಿಟೆಕ್ಟ್ ಇದನ್ನು ಹೇಳಿ ಅರ್ಜಿ ತಡೆದು ನಿಲ್ಲಿಸಿದರು. ಅವರ ಉಪಕಾರ ಮರೆಯುವ ಹಾಗಿಲ್ಲ.

ಬ್ಯಾಂಕಿಗೆ ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡದ ಬಲದ ಲೆಕ್ಕ ಹಾಕುವವರ, ಸಹಿ ಬೇಕಿತ್ತು. ಶಿವಮೊಗ್ಗದಲ್ಲಿ ಒಬ್ಬ ಹಿರಿಯರನ್ನು ಹುಡುಕಿದೆವು. "ಸಹಿ ಆಮೇಲೆ ಹಾಕೋಣ ಮೇಡಂ, ಮೊದಲು ಜಾಗಕ್ಕೆ ಬರ್ತೀನಿ. ಮಳೆ ಜೋರಾದ ಮೇಲೆ ಫೋನ್ ಮಾಡಿ" ಅಂದರು. ಬೇಸಿಗೆಯಲ್ಲಿ ಬರುವುದಕ್ಕೇ ಒಪ್ಪಲಿಲ್ಲ. ನನಗೆ ಆಗ ಬಹಳ ಬೇಸರವಾಯಿತು. ಕಬ್ಬಿಣದ ರೇಟು ಏರುತ್ತಿತ್ತು, ನಾವು ಕಾಯುತ್ತ ಕೂತಿದ್ದೆವು. ಆರಿದ್ರಾ ಮಳೆಯಲ್ಲಿ ಗಂಬೂಟು ಹಾಕಿಕೊಂಡು ಬಂದರು. ಆರ್ಕಿಟೆಕ್ಟನ್ನೂ ಅದೇ ದಿನ ಕರೆಸಿದ್ದೆವು. ಇಬ್ಬರೂ ಕೊಡೆ ಹಿಡಿದು ಇಳಿಜಾರು ಪೂರ್ತಿ ಸುತ್ತಿದರು. ಮೇಲಿನ ಗುಡ್ಡದ ನೀರು ನಾವು ಮನೆ ಗುರುತು ಹಾಕಿದ್ದ ಜಾಗದ ಮೇಲೇ ಹರಿದು ಹೋಗುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಬರೀ ಒಣ ದರಕು (ಉದುರಿದ ಎಲೆ) ಇತ್ತು.

ಆ ಒಂದು ಮಧ್ಯಾಹ್ನ ಈ ಮನೆಯನ್ನು ಉಳಿಸಿತು ಅಂತ ನಾನು ನಂಬಿದ್ದೇನೆ. ಇಬ್ಬರನ್ನೂ ಒಟ್ಟಿಗೆ, ಮಳೆಯಲ್ಲಿ, ಜಾಗದ ಮೇಲೇ ನಿಲ್ಲಿಸಿ. ಒಬ್ಬರು ಬೆಂಗಳೂರಿನಲ್ಲಿ ಗೆರೆ ಎಳೆದು, ಇನ್ನೊಬ್ಬರು ಶಿವಮೊಗ್ಗದಲ್ಲಿ ಆ ಗೆರೆಗೆ ಕಂಬಿ ಲೆಕ್ಕ ಹಾಕಿದರೆ ಆಗುವುದಿಲ್ಲ.

ನೀರು ಇಳಿದ ಮೇಲೆ ಗುಂಡಿ ತೋಡಿಸಿ ಮಣ್ಣು ಪರೀಕ್ಷೆ ಮಾಡಿಸಿದೆವು. ಸುಮಾರು 20 ಸಾವಿರ ಖರ್ಚಾಯಿತು. ನೆಂಟರೊಬ್ಬರು "ಜಂಬಿಟ್ಟಿಗೆ ಕಲ್ಲಿನ ನೆಲಕ್ಕೆ ಎಂಥ ಪರೀಕ್ಷೆ?" ಅಂದಿದ್ದರು. ಮೇಲೆ ಗಟ್ಟಿ ಕೆಂಪು ಕಲ್ಲು ನಿಜ. ಕೆಳಗೆ ಶೇಡಿ ಮಣ್ಣು ಸಿಕ್ಕಿತು. ಒಣಗಿದ್ದಾಗ ಹಾರೆಗೂ ಜಗ್ಗದ ಮಣ್ಣು, ಒದ್ದೆಯಾದರೆ ಬೆಣ್ಣೆಯ ಹಾಗೆ ಜಾರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಧರೆ ಕುಸಿಯುವ ಕಡೆ ಎಷ್ಟೋ ಸಲ ಈ ಮಣ್ಣೇ ಕಾರಣ.

ಇದರಿಂದ ಎರಡು ಬದಲಾವಣೆ ಆದವು. ಮನೆ ಅಂಚಿನಿಂದ ಹಿಂದಕ್ಕೆ ಸರಿಯಿತು. ಜೊತೆಗೆ ಇಡೀ ಗುಡ್ಡ ಕಡಿದು ಒಂದೇ ಸಮತಟ್ಟು ಮಾಡುವುದನ್ನು ಬಿಟ್ಟೆವು. ಮನೆಯನ್ನೇ ಎರಡು ಮಟ್ಟದಲ್ಲಿ ಇಳಿಸಿದೆವು. ಮೇಲಿನ ಮಟ್ಟದಲ್ಲಿ ಅಡುಗೆಮನೆ, ದೇವರಮನೆ, ಮಲಗುವ ಕೋಣೆಗಳು. ಐದು ಮೆಟ್ಟಿಲು ಇಳಿದರೆ ನಡುಮನೆ ಮತ್ತು ಜಗಲಿ. ಅತ್ತೆಗೆ ಮಂಡಿನೋವು, ಅದಕ್ಕೇ ಅವರ ಕೋಣೆ, ಬಚ್ಚಲು, ಅಡುಗೆಮನೆ ಒಂದೇ ಮಟ್ಟಕ್ಕೆ ಬರುವ ಹಾಗೆ ನೋಡಿಕೊಂಡೆವು. ಜೆಸಿಬಿ ತಂದು ಎತ್ತರದ ಧರೆ ಕಡಿಸುವ ಮೊದಲು ದಯವಿಟ್ಟು ಎರಡು ಸಲ ಯೋಚನೆ ಮಾಡಿ. ಕಡಿಯುವುದು ಒಂದು ದಿನದ ಕೆಲಸ. ಅದನ್ನು ತಡೆದು ನಿಲ್ಲಿಸುವುದು ಜನ್ಮಪೂರ್ತಿಯ ಕೆಲಸ.

ಆದರೂ ಹಿಂಬದಿಗೆ ಒಂದು ತಡೆಗೋಡೆ ಬೇಕಾಯಿತು. ನಮ್ಮ ಅಂದಾಜು ಪಟ್ಟಿಯಲ್ಲಿ ಇಲ್ಲದ ಖರ್ಚು ಇದು, ಮೂರೂವರೆ ಲಕ್ಷದ ಹತ್ತಿರ ಹೋಯಿತು. ಎಂಜಿನಿಯರ್ ಇದರ ಲೆಕ್ಕವನ್ನು ನನಗೆ ಅರ್ಥವಾಗುವ ಹಾಗೆ ಹೇಳಿದರು. ಗೋಡೆಯ ಹಿಂದೆ 3 ಮೀಟರ್ ಎತ್ತರಕ್ಕೆ ನೀರು ನಿಂತರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದವನ್ನು ನೀರೊಂದೇ ಸುಮಾರು 4.5 ಟನ್ ಬಲದಲ್ಲಿ ತಳ್ಳುತ್ತದೆ. ಮಣ್ಣಿನ ಭಾರ ಬೇರೆ. ನೀರು ನಿಲ್ಲದಿದ್ದರೆ ಆ ಬಲವೇ ಇಲ್ಲ. ಹಾಗಾಗಿ ಗೋಡೆಯ ಹಿಂದೆ ಜೆಲ್ಲಿ ತುಂಬಿಸಿ, ಗೋಡೆಯಲ್ಲಿ ಸಾಲಾಗಿ ನೀರು ಹೊರಬರುವ ತೂತು ಬಿಡಿಸಿ, ಬುಡದಲ್ಲಿ ಚರಂಡಿ ಮಾಡಿಸಿದರು. ಮಳೆಗಾಲದಲ್ಲಿ ಆ ತೂತುಗಳಿಂದ ನೀರು ಸುರಿಯುವುದನ್ನು ನೋಡಿದರೆ ನನಗೆ ಈಗ ಧೈರ್ಯ ಬರುತ್ತದೆ. ಕೆಲವರು ಗೋಡೆ ಚಂದ ಕಾಣಲಿ ಅಂತ ಆ ತೂತು ಮುಚ್ಚಿಸಿ ಬಣ್ಣ ಹೊಡೆಸುತ್ತಾರೆ. ಹಾಗೆ ಮಾತ್ರ ಮಾಡಬೇಡಿ.

ಬಾಲ್ಕನಿಯ ವಿಷಯಕ್ಕೆ ಬಂದಾಗ ಜಗಳ ಆಯಿತು. ಕಂಬವಿಲ್ಲದೆ ಚಾಚುವ ಭಾಗಕ್ಕೆ ಕ್ಯಾಂಟಿಲಿವರ್ ಅನ್ನುತ್ತಾರೆ. ಐಎಸ್ 456 ಎಂಬ ಕಾಂಕ್ರೀಟ್ ನಿಯಮದ ಪ್ರಕಾರ, ಬಾಗುವುದನ್ನು ತಡೆಯಲು ಅದರ ಉದ್ದಕ್ಕೂ ದಪ್ಪಕ್ಕೂ ಇರಬೇಕಾದ ಮೂಲ ಅನುಪಾತ 7. ಅಂದರೆ 10 ಅಡಿ ಚಾಚಿದರೆ ಬುಡದಲ್ಲಿ ಸುಮಾರು 17 ಇಂಚು ದಪ್ಪ. ಕಂಬಿಯ ಲೆಕ್ಕದ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಎರಡೂ ತುದಿಗೆ ಆಧಾರ ಇದ್ದರೆ ಅದೇ ಅನುಪಾತ 20. ವ್ಯತ್ಯಾಸ ಎಷ್ಟು ನೋಡಿ. ನಕ್ಷೆಯಲ್ಲಿ ಬಾಲ್ಕನಿ ತೆಳ್ಳಗೆ, ಹಗುರಾಗಿ ಕಾಣುತ್ತಿತ್ತು. ನಿಜವಾಗಿ ಕಟ್ಟಿದರೆ ಅದು ದಪ್ಪ ತೊಲೆಗಳ ಮೇಲೆ ಕೂರಬೇಕಿತ್ತು. ಅದನ್ನು ಹಿಡಿದಿಡಲು ಒಳಗಿನ ಕಡೆ ಭಾರ ಬೇಕು, ಪಾಯ ದೊಡ್ಡದಾಗಬೇಕು. ಆ ಪಾಯ ಶೇಡಿ ಮಣ್ಣಿನ ಮೇಲೆ.

ಆರ್ಕಿಟೆಕ್ಟ್ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ವಿನ್ಯಾಸ ಮಾಡಿದ ಫಾಲಿಂಗ್‌ವಾಟರ್ ಮನೆಯ ಚಿತ್ರ ತೋರಿಸಿದರು. ಜಲಪಾತದ ಮೇಲೆ ಚಾಚಿದ ಮಹಡಿಗಳು. ಜಗತ್ತಿನ ಅತಿ ಚಂದದ ಮನೆಗಳಲ್ಲಿ ಒಂದು, ಅದರಲ್ಲಿ ಎರಡು ಮಾತಿಲ್ಲ. ಎಂಜಿನಿಯರ್ ಅದೇ ಮನೆಯ ಇನ್ನೊಂದು ಕಥೆ ಹೇಳಿದರು. ಆ ಚಾಚು ಕಟ್ಟಿದಾಗಿನಿಂದ ಬಾಗುತ್ತಲೇ ಬಂತು. ತುದಿಯಲ್ಲಿ ಸುಮಾರು 7 ಇಂಚು ಇಳಿಯಿತು. ಕೊನೆಗೆ 2002ರಲ್ಲಿ ಒಳಗೆ ಉಕ್ಕಿನ ಹಗ್ಗ ಬಿಗಿದು ಬಲಪಡಿಸಬೇಕಾಯಿತು. "ಅವರಿಗೆ ರಿಪೇರಿ ಮಾಡಿಸೋಕೆ ಟ್ರಸ್ಟ್ ಇದೆ ಮೇಡಂ. ನಿಮಗೆ ಅಡಿಕೆ ರೇಟು ಬಿದ್ದ ವರ್ಷ ಯಾರಿದ್ದಾರೆ?" ಅಂದರು.

ಆರ್ಕಿಟೆಕ್ಟ್ ಅವತ್ತು ಸಪ್ಪಗೆ ಹೋದರು. ನನಗೂ ಸಂಕಟ ಆಯಿತು. ಆ ಬಾಲ್ಕನಿಯ ಕನಸು ಅವರದ್ದಷ್ಟೇ ಆಗಿರಲಿಲ್ಲ, ನನ್ನದೂ ಆಗಿತ್ತು. ಬಹಳ ದಿನ ಫೋನ್ ಬರಲಿಲ್ಲ. ಕೆಲಸ ಬಿಟ್ಟೇಬಿಟ್ಟರೇನೋ ಅಂತ ಇವರು ಚಿಂತೆ ಮಾಡುತ್ತಿದ್ದರು. ಆದರೆ ಅವರು ಆ ಸಮಯದಲ್ಲಿ ನಮ್ಮ ಸೀಮೆ ಸುತ್ತಿದ್ದರು. ಕೆಳದಿಯ ರಾಮೇಶ್ವರ ದೇವಸ್ಥಾನದ ಇಳಿಜಾರು ಮಾಡು, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮರದ ಕಂಬಗಳು, ಊರೂರಿನ ಹಳೇ ಜಗಲಿಗಳನ್ನು ನೋಡಿ, ಅಳೆದು, ಬರೆದುಕೊಂಡು ಬಂದರು.

ಎರಡನೇ ನಕ್ಷೆಯಲ್ಲಿ ಬಾಲ್ಕನಿ ಹೋಗಿ ಜಗಲಿ ಬಂದಿತ್ತು. ಪಶ್ಚಿಮಕ್ಕೆ 10 ಅಡಿ ಅಗಲದ ಜಗಲಿ, ಹೊರತುದಿಗೆ ಕಲ್ಲಿನ ಬುಡದ ಮೇಲೆ ಮರದ ಕಂಬಗಳು. ಕಂಬದಾಚೆ ಮಾಡು ಇನ್ನೂ 4 ಅಡಿ ಮುಂದೆ ಚಾಚಿ ಕೆಳಕ್ಕೆ ಇಳಿಯುತ್ತದೆ. ಗಾಜು ಜಗಲಿಯ ಒಳಗೋಡೆಗೆ ಬಂತು, ಅಲ್ಲಿಗೆ ಎರಚಲು ಮುಟ್ಟುವುದೇ ಅಪರೂಪ. ಅಷ್ಟಾದರೂ ಗಾಜಿನ ಹೊರಗಡೆ ಮರದ ಬಾಗಿಲು ಇಟ್ಟಿದ್ದೇವೆ. ಒಳಗೆ ಕೂತು ನೋಡಿದರೆ ಕಂಬಗಳ ನಡುವೆ ಘಟ್ಟದ ಸಾಲು ತುಂಡು ತುಂಡಾಗಿ ಕಾಣುತ್ತದೆ. ಬರೀ ಗಾಜಿನ ಮೂಲಕ ಕಾಣುತ್ತಿದ್ದುದಕ್ಕಿಂತ ನನಗೆ ಇದೇ ಹೆಚ್ಚು ಇಷ್ಟ.

ಕಂಬಗಳನ್ನು ಕೆಡವಿದ ಹಳೇ ಮನೆಯೊಂದರಿಂದ ತಂದೆವು. ಹಳೇ ಮರ ಕೊಳ್ಳುವವರು ಆಚಾರಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಬುಡಕ್ಕೆ ಒರಲೆ ಹಿಡಿದಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ, ತಟ್ಟಿ ಸದ್ದು ಕೇಳಬೇಕು. ಲಾರಿಗೆ ಹೇರುವ ಮೊದಲು ಅರಣ್ಯ ಇಲಾಖೆಯಲ್ಲಿ ಸಾಗಣೆ ಅನುಮತಿಯ ಬಗ್ಗೆ ವಿಚಾರಿಸಿಕೊಳ್ಳಿ. ಈ ಪಾಸಿನ ವಿಷಯ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಅದು ಬರುವವರೆಗೆ ಕಂಬಗಳು ಅಲ್ಲೇ ಟಾರ್ಪಾಲಿನಡಿ ಬಿದ್ದಿದ್ದವು.

ಮಾಡಿನ ಬಗ್ಗೆ ಜಾಸ್ತಿ ವಾದ ಆಗಲಿಲ್ಲ. ಸಪಾಟು ಸ್ಲ್ಯಾಬ್ ಹಾಕಿ, ನಾಲ್ಕು ವರ್ಷದಲ್ಲಿ ಸೋರಿ, ಅದರ ಮೇಲೆ ತಗಡಿನ ಶೀಟು ಹೊದಿಸಿದ ಮನೆಗಳು ನಮ್ಮ ರಸ್ತೆಯುದ್ದಕ್ಕೂ ಇವೆ. ಎರಡು ಸಲ ಛಾವಣಿಯ ಖರ್ಚು. ಇಳಿಜಾರಿನಲ್ಲೇ ಆರ್‌ಸಿಸಿ ಹಾಕಿ ಮೇಲೆ ಹೆಂಚು ಅಂಟಿಸುವುದು ಇನ್ನೊಂದು ದಾರಿ. ಅದಕ್ಕೆ ಮೇಸ್ತ್ರಿ ಒಪ್ಪಲಿಲ್ಲ. "ಅಕ್ಕಾ, ಇಳಿಜಾರಿನಲ್ಲಿ ಕಾಂಕ್ರೀಟ್ ಕೆಳಕ್ಕೆ ಜಾರ್ತದೆ. ವೈಬ್ರೇಟರ್ ಸರಿಯಾಗಿ ಹಿಡಿಯೋಕಾಗಲ್ಲ. ಪೊಳ್ಳು ಉಳಿದ ಕಡೆ ಸೋರ್ತದೆ" ಅಂದರು. ಎಂಜಿನಿಯರ್ ಅದು ಸರಿ ಅಂದರು. ಕೊನೆಗೆ ನಡುಮನೆ, ಜಗಲಿ, ಅಂಗಳಕ್ಕೆ ಕಬ್ಬಿಣದ ಟ್ರಸ್ (ಮಾಡಿನ ಚೌಕಟ್ಟು) ಮೇಲೆ ಮಂಗಳೂರು ಹೆಂಚು, ಅದರ ಕೆಳಗೆ ಸೀಲಿಂಗ್ ಹೆಂಚು. ಇಳಿಜಾರು 30 ಡಿಗ್ರಿ. ಮುಂದಿನಿಂದ ಚಂದ ಕಾಣಲಿ ಅಂತ ಇದನ್ನು 18 ಡಿಗ್ರಿಗೆ ಇಳಿಸುವ ಮಾತು ಬಂದಿತ್ತು. ಹೆಂಚಿಗೆ ಅಷ್ಟು ಇಳಿಜಾರು ಸಾಲುವುದಿಲ್ಲ. ಗಾಳಿಗೆ ನೀರು ಹೆಂಚಿನ ಸಂದಿಯೊಳಗೆ ಹಿಂದಕ್ಕೆ ಏರುತ್ತದೆ.

ಮಂಗಳೂರು ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಶುರುಮಾಡಿದರು. ಆಗಿನ ಎಷ್ಟೋ ಕಾರ್ಖಾನೆಗಳು ಈಗ ಮುಚ್ಚಿವೆ. ಹೊಸ ಹೆಂಚಿಗೆ ಕಾಯಬೇಕಾಯಿತು. ಒಬ್ಬ ವ್ಯಾಪಾರಿ ಮುಂಗಡ ತೆಗೆದುಕೊಂಡು ಎರಡು ಬೇರೆ ಅಚ್ಚಿನ ಹೆಂಚು ಬೆರೆಸಿ ಕಳಿಸಿದ. ಬೇರೆ ಅಚ್ಚಿನ ಹೆಂಚು ಒಂದಕ್ಕೊಂದು ಕೂರುವುದಿಲ್ಲ, ಹಾಗಾಗಿ ಅರ್ಧ ಲೋಡು ವಾಪಸ್ ಹೋಯಿತು. ಇಳಿಸುವ ಮುಂಚೆ ಕೆಲವನ್ನು ನೆಲದ ಮೇಲೆ ಜೋಡಿಸಿ ನೋಡಿ.

ಮಲಗುವ ಕೋಣೆಗಳಿಗೆ ಮಾತ್ರ ಸ್ಲ್ಯಾಬ್ ಹಾಕಿ, ಮೇಲೆ ಅಟ್ಟ ಬಿಟ್ಟು ಅದಕ್ಕೂ ಹೆಂಚಿನ ಮಾಡು ಹೊದಿಸಿದೆವು. ಆ ಸ್ಲ್ಯಾಬ್ ಫಿಲ್ಲರ್ ಸ್ಲ್ಯಾಬ್. ಲಾರಿ ಬೇಕರ್ ಎಂಬ ಆರ್ಕಿಟೆಕ್ಟ್ ಕೇರಳದಲ್ಲಿ ಪ್ರಸಿದ್ಧಿಗೆ ತಂದ ವಿಧಾನ ಇದು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಎಳೆತವನ್ನು ತಡೆಯುವುದಿಲ್ಲ, ಆ ಕೆಲಸ ಕಂಬಿಯದು. ಹಾಗಾಗಿ ಕಂಬಿಗಳ ನಡುವೆ ಆ ಜಾಗದಲ್ಲಿ ಹಳೇ ಹೆಂಚು ಇಟ್ಟರೆ ಕಾಂಕ್ರೀಟೂ ಉಳಿಯುತ್ತದೆ, ಭಾರವೂ ಇಳಿಯುತ್ತದೆ. ಕೆಳಗಿನಿಂದ ನೋಡಿದರೆ ಸೂರಿನಲ್ಲಿ ಹೆಂಚಿನ ಸಾಲು ಕಾಣುತ್ತದೆ. ಮನೆಗೆ ಬಂದವರೆಲ್ಲ ಮೊದಲು ಹೊಗಳುವುದು ಇದನ್ನೇ. ಚಂದ ಮತ್ತು ಲೆಕ್ಕ ಎರಡೂ ಒಂದೇ ಕಡೆ ಕೂಡಿಬಂದ ಜಾಗ ಅದು. ಹೆಂಚನ್ನು ಚೆನ್ನಾಗಿ ನೆನೆಸಿ ಇಡಬೇಕು, ಇಲ್ಲದಿದ್ದರೆ ಕಾಂಕ್ರೀಟಿನ ನೀರು ಹೀರುತ್ತದೆ.

ಈ ಸ್ಲ್ಯಾಬಿನಿಂದಲೇ ಒಂದು ತೊಡಕೂ ಬಂತು. ಬ್ಯಾಂಕ್ ಸಾಲದ ಕಂತು ಪಾಯ, ಲಿಂಟಲ್, ಸ್ಲ್ಯಾಬ್, ಫಿನಿಶಿಂಗ್ ಅಂತ ಹಂತದ ಮೇಲೆ ಬಿಡುಗಡೆ ಆಗುತ್ತದೆ. ನಮ್ಮ ನಡುಮನೆಗೆ ಸ್ಲ್ಯಾಬೇ ಇಲ್ಲ! ಪರಿಶೀಲನೆಗೆ ಬಂದವರು "ಸ್ಲ್ಯಾಬ್ ಹಂತ ಪೂರ್ತಿ ಆಗಿಲ್ಲ" ಅಂತ ಬರೆದುಕೊಂಡು ಹೋದರು. ಕಂತು ನಿಂತಿತು. ಮರದ ಕೆಲಸದವರಿಗೆ ಕೂಲಿ ಕೊಡಬೇಕು, ಅಡಿಕೆ ಮಂಡಿಯಲ್ಲಿ ಮುಂಗಡ ತಂದೆವು. ಎಂಜಿನಿಯರ್ ಛಾವಣಿ ಹಂತ ಮುಗಿದಿದೆ ಅಂತ ವಿವರವಾಗಿ ಪತ್ರ, ಫೋಟೋ ಕೊಟ್ಟ ಮೇಲೆ ದುಡ್ಡು ಬಂತು. ನೀವು ಹೆಂಚಿನ ಮನೆ ಕಟ್ಟುವುದಾದರೆ ಸಾಲದ ಅರ್ಜಿಯ ಹೊತ್ತಿಗೇ ಹಂತಗಳ ಪಟ್ಟಿಯಲ್ಲಿ "ಛಾವಣಿ" ಅಂತ ಬರೆಸಿ.

ಅಂಗಳದ ಆಸೆಯನ್ನು ನಾವು ಬಿಡಲಿಲ್ಲ. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿದು, ಅಂಗಳವೂ ಸೇರಿ 80 ಚದರ ಮೀಟರಿನ ನೀರು ಅಲ್ಲಿಗೆ ಬಂದರೆ, 100 ಮಿ.ಮೀ. ಮಳೆಯ ದಿನ 8000 ಲೀಟರ್ ನೀರು ಮನೆಯ ಮಧ್ಯೆ. ಪೈಪಿಗೆ ಒಂದು ಹಿಡಿ ಎಲೆ ಸಿಕ್ಕಿಕೊಂಡರೆ ನಡುಮನೆಗೇ ನುಗ್ಗುತ್ತದೆ. ಹಾಗಾಗಿ ಮಾಡುಗಳನ್ನೆಲ್ಲ ಹೊರಕ್ಕೆ ಇಳಿಸಿದೆವು. ಅಂಗಳದ ಮೇಲೆ ಬೇರೆಯೇ ಒಂದು ಪುಟ್ಟ ಮಾಡನ್ನು ಎರಡಡಿ ಎತ್ತರಿಸಿ ಕೂರಿಸಿದೆವು. ಸುತ್ತಲ ಸಂದಿಯಿಂದ ಗಾಳಿ ಆಡುತ್ತದೆ, ಗಾಜಿನ ಹೆಂಚಿನಿಂದ ಬೆಳಕು ಬೀಳುತ್ತದೆ. ಆಕಾಶ ಕಾಣುವುದಿಲ್ಲ ಅನ್ನುವ ಬೇಸರ ಆರ್ಕಿಟೆಕ್ಟಿಗೆ ಇನ್ನೂ ಇದೆ. ನನಗೂ ಸ್ವಲ್ಪ ಇದೆ.

ಎರಡೂ ನಕ್ಷೆಯಲ್ಲಿ ಇಲ್ಲದ ಒಂದು ವಿಷಯ ಅತ್ತೆ ಕೇಳಿದರು. "ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸ್ತೀರಿ?" ಆಮೇಲೆ ಬಚ್ಚಲು ಒಲೆಯ ಪಕ್ಕ ಒಂದು ಉದ್ದ ಕೋಣೆ ಸೇರಿತು. ಒಲೆಯ ಬಿಸಿ ಆ ಕಡೆ ಹಾಯುತ್ತದೆ. ಬಟ್ಟೆ, ಕೊಡೆ, ಗಂಬೂಟು ಎಲ್ಲ ಅಲ್ಲಿಗೇ. ಮನೆಯಲ್ಲಿ ದಿನಾ ಕೆಲಸ ಮಾಡುವ ಹೆಂಗಸರನ್ನು ಕೂರಿಸಿಕೊಂಡು ನಕ್ಷೆ ಓದಿಸಿ. ಅವರಿಗೆ ಕಾಣುವುದು ಬೇರೆ ಯಾರಿಗೂ ಕಾಣುವುದಿಲ್ಲ.

ಜಂಬಿಟ್ಟಿಗೆಯನ್ನು ಪೂರ್ವ, ಉತ್ತರ ಗೋಡೆಗೆ ಹಾಗೇ ಬಿಟ್ಟಿದ್ದೇವೆ. ಪಶ್ಚಿಮ, ದಕ್ಷಿಣಕ್ಕೆ ಗಾರೆ ಮಾಡಿಸಿದೆವು. ಆ ಕಲ್ಲು ನೀರು ಕುಡಿಯುತ್ತದೆ, ಒಳಗೋಡೆಗೆ ಬೂಷ್ಟು ಹಿಡಿಯುತ್ತದೆ.

ಖರ್ಚಿನ ಬಗ್ಗೆ ಹೇಳುವುದಾದರೆ, ಎಂಜಿನಿಯರ್ ಫೀಸು 45 ಸಾವಿರದ ಆಸುಪಾಸು. ಆರ್ಕಿಟೆಕ್ಟ್ ಫೀಸು ಅದಕ್ಕಿಂತ ತುಂಬಾ ಜಾಸ್ತಿ, ಎರಡನೇ ನಕ್ಷೆಗೆ ಅವರು ಬೇರೆ ಹಣ ಕೇಳಲಿಲ್ಲ. ಬಾಲ್ಕನಿ, ಅದರ ಪಾಯ, ದೊಡ್ಡ ಗಾಜು ಬಿಟ್ಟಿದ್ದರಿಂದ ಉಳಿದ ಹಣ ಹೆಚ್ಚುಕಡಿಮೆ ತಡೆಗೋಡೆಗೆ ಸರಿಹೋಯಿತು. ಒಟ್ಟು ಖರ್ಚು ಮೊದಲ ಅಂದಾಜಿಗಿಂತ ಐದನೇ ಒಂದು ಪಾಲು ಹೆಚ್ಚಾಯಿತು.

ಕಟ್ಟುವಾಗ ಸ್ವತಃ ನಿಂತು ನೋಡಬೇಕಾದ ಎರಡು ಸಮಯ ಇವೆ. ಮೊದಲನೆಯದು ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ. ಕಿಟಕಿಯ ಮೇಲಿನ ಸಜ್ಜಾ ಥರದ ಚಾಚು ಭಾಗಕ್ಕೆ ಮುಖ್ಯ ಕಂಬಿ ಮೇಲ್ಗಡೆ ಇರಬೇಕು. ಕೆಲಸದವರು ಓಡಾಡಿ ತುಳಿದು ಅದು ಕೆಳಕ್ಕೆ ಕೂತುಬಿಡುತ್ತದೆ. ನಮ್ಮಲ್ಲೂ ಒಂದು ಕಡೆ ಹಾಗಾಗಿತ್ತು, ಎಂಜಿನಿಯರ್ ಎತ್ತಿಸಿ ಕಟ್ಟಿಸಿದರು. ಎರಡನೆಯದು ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗೆ ಕೊಡುವ ಆಧಾರ, ಬಿಚ್ಚುವ ದಿನ. ಬಾಡಿಗೆ ಏರುತ್ತದೆ ಅಂತ ಬೇಗ ಬಿಚ್ಚಲು ಒತ್ತಾಯ ಬರುತ್ತದೆ. ಸಾಮಾನ್ಯ ಸಿಮೆಂಟಿಗೆ 4.5 ಮೀಟರಿಗಿಂತ ಉದ್ದದ ಸ್ಲ್ಯಾಬಿಗೆ 14 ದಿನ, 6 ಮೀಟರ್ ದಾಟಿದ ಬೀಮಿಗೆ 21 ದಿನ ಆಧಾರ ಇರಲೇಬೇಕು ಅಂತ ಅದೇ ಐಎಸ್ 456 ಹೇಳುತ್ತದೆ. ಮಳೆಗಾಲದ ತಂಡಿಗೆ ನಮ್ಮ ಎಂಜಿನಿಯರ್ ಇನ್ನೂ ಕೆಲವು ದಿನ ಸೇರಿಸಿದರು.

ಈಗ ಉಳಿದಿರುವುದು ಪಂಚಾಯಿತಿಯಲ್ಲಿ ಕಟ್ಟಡದ ಕಂದಾಯ ದಾಖಲು ಮಾಡಿಸುವ ಕೆಲಸ. ಕಟ್ಟಿದ ಪ್ರಕಾರದ ಕೊನೆಯ ನಕ್ಷೆಯನ್ನು ಇಬ್ಬರ ಸಹಿ ಹಾಕಿಸಿ ಇಟ್ಟುಕೊಂಡಿದ್ದೇವೆ. ಗೋಡೆ ಮುಚ್ಚುವ ಮೊದಲು ಪೈಪು, ವೈರು, ಕಂಬಿಗಳ ಫೋಟೋವನ್ನು ಟೇಪು ಹಿಡಿದು ತೆಗೆಸಿದ್ದೆವು. ಮೊನ್ನೆ ಪರದೆಗೆ ಮೊಳೆ ಹೊಡೆಯುವಾಗಲೇ ಅದರ ಉಪಯೋಗ ಆಯಿತು, ನೀರಿನ ಪೈಪು ಮೂರು ಇಂಚು ಪಕ್ಕದಲ್ಲೇ ಇತ್ತು.